ಮಾನವಿಲ್ಲದ ಸಂಖ್ಯೆ

ಸಂಖ್ಯೆಯು ತಾನೊಂದೇ ನಿಂತು ಏನನ್ನೂ ಹೇಳಲಾರದು. ‘ಹತ್ತು’ ಎಂದೊಡನೆ ಹತ್ತು ಸೇರೋ ಹತ್ತು ಖಂಡುಗವೋ ಎಂಬ ಆಕಾಂಕ್ಷೆಯು ಹುಟ್ಟುತ್ತದೆ. ಮಾನವನ್ನು ಹೇಳಿದ ಹೊರತು ಅದು ಶಮನವಾಗದು. ಈ ಸಾಮಾನ್ಯ ವಿಷಯದಲ್ಲಿ ಎಚ್ಚರ ತಪ್ಪಿದುದರಿಂದ ಒಂದು ವ್ಯೋಮನೌಕೆಯೇ ನಷ್ಟವಾದ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಮಂಗಳಗ್ರಹದ ಹವೆಯನ್ನು ಪರಿಶೀಲಿಸುವುದಕ್ಕಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನದ ನಾಸಾ ಸಂಸ್ಥೆಯವರು 1998ನೆಯ ಇಸವಿ ಡಿಸೆಂಬರ್ 11ರಂದು ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆಯನ್ನು ಕಳುಹಿಸಿದರು. ಅದನ್ನು ನಿರ್ಮಿಸಿದವರು ಲಾಕ್‌ಹೀಡ್ ಮಾರ್ಟಿನ್ ಕಂಪನಿಯವರು. ಅದರ ದಾರಿಯನ್ನು ಗಣಿಸುತ್ತಿದ್ದವರು ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಶಾಲೆಯವರು. ನೌಕೆಯ ಒಂದೇ ಪಾರ್ಶ್ವದಲ್ಲಿದ್ದ ಸೌರಫಲಕದ ಮೇಲೆ ಸೂರ್ಯಕಿರಣಗಳ ಒತ್ತಡವು ಬೀಳುತ್ತಿದ್ದುದರಿಂದ, ನೌಕೆಯು ತಿರುಗದಂತೆ ಹಿಡಿದಿದ್ದ ಒಳಚಕ್ರಗಳ ವೇಗವು ಹೆಚ್ಚುತ್ತಿತ್ತು. ಅದನ್ನು ತಗ್ಗಿಸುವುದಕ್ಕೆ ಸಣ್ಣ ಯಂತ್ರಗಳನ್ನು ಆಗಾಗ ಉರಿಸಬೇಕಾಗಿತ್ತು. ಉರಿಸಿದಾಗಲೆಲ್ಲಾ ನೌಕೆಯು ದಾರಿಯಿಂದ ಕಿಂಚಿತ್ ಸರಿಯುತ್ತಿತ್ತು. ಆ ನೂಕಿನ ಲೆಕ್ಕವನ್ನು ಮೆಟ್ರಿಕ್ ಮಾನವಾದ ನ್ಯೂಟನ್-ಸೆಕೆಂಡುಗಳಲ್ಲಿ ಕೊಡತಕ್ಕದ್ದೆಂದು ಲಿಖಿತ ನಿಯಮವಿದ್ದಿತು. ಆದರೆ ಭೂಮಿಯ ಮೇಲಿನ ಒಂದು ಗಣಕಕ್ರಮವು ಅದನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟಿತು. ಒಂದು ಪೌಂಡಿನ ಬಲವು ಸುಮಾರು 4.45 ನ್ಯೂಟನ್ನುಗಳಿಗೆ ಸಮ. ಆದುದರಿಂದ ಪ್ರತಿಯೊಂದು ನೂಕೂ ನಿಜವಾದುದರ ಕಾಲು ಪಾಲಿಗಿಂತಲೂ ಕಡಮೆಯೆಂದು ಎಣಿಸಲ್ಪಟ್ಟಿತು.

ಒಂಬತ್ತು ತಿಂಗಳ ಪ್ರಯಾಣದಲ್ಲಿ ಈ ಅಲ್ಪಾಂಶಗಳೆಲ್ಲವೂ ಕೂಡಿಕೊಂಡವು. 1999ನೆಯ ಇಸವಿ ಸೆಪ್ಟೆಂಬರ್ 23ರಂದು ನೌಕೆಯು ಮಂಗಳನ ಮೇಲೆ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಸಾಗಬೇಕಾಗಿತ್ತು. 80 ಕಿಲೋಮೀಟರಿಗಿಂತ ಕೆಳಗೆ ಅದು ಉಳಿಯುವಂತಿರಲಿಲ್ಲ. ಅದು ಇಳಿದುದಾದರೋ ಸುಮಾರು 57 ಕಿಲೋಮೀಟರಿಗೆಂದು ಆಮೇಲಿನ ಗಣನೆಯಿಂದ ತಿಳಿಯಿತು. ಗ್ರಹದ ಹಿಂದೆ ಮರೆಯಾದ ನೌಕೆಯಿಂದ ಮತ್ತೆ ಯಾವ ಸಂಕೇತವೂ ಬರಲಿಲ್ಲ.

ಇದರಲ್ಲಿ ಪೌಂಡಿನ ದೋಷವೇನು? ಚಂದ್ರನಿಗೆ ಹೋದ ಅಪೋಲೋ ನೌಕೆಯ ಗಣಕಯಂತ್ರವು ಒಳಗೆ ಮೆಟ್ರಿಕ್ ಮಾನದಲ್ಲಿ ಗಣಿಸಿ, ಯಾತ್ರಿಕರಿಗೆ ಅಡಿಗಳಲ್ಲಿ ತೋರಿಸುತ್ತಿತ್ತು. ಎರಡು ಮಾನಗಳಿದ್ದರೂ ಕೇಡಾಗಲಿಲ್ಲ. ಅಲ್ಲಿ ಪರಿವರ್ತನೆಯು ತಿಳಿದು ಮಾಡಿದ್ದು; ಇಲ್ಲಿ ಅದನ್ನು ಮಾಡಬೇಕೆಂಬ ಅರಿವೇ ಇರಲಿಲ್ಲ. ಅದಕ್ಕಿಂತಲೂ ಶೋಚನೀಯವಾದುದು ಇನ್ನೊಂದುಂಟು. ಲೆಕ್ಕವು ಹೊಂದುತ್ತಿಲ್ಲವೆಂದು ದಾರಿಯನ್ನು ಗಣಿಸುವವರಿಗೆ ಮೊದಲೇ ಸಂದೇಹ ತೋರಿದ್ದಿತು. ಆದರೆ ಅದು ವಿಧಿವತ್ತಾದ ಕ್ರಮದಲ್ಲಿ ವಿಚಾರಣೆಗೆ ಬರಲಿಲ್ಲ. ಕಡೆಯದಾಗಿ ದಾರಿಯನ್ನು ತಿದ್ದುವ ಒಂದು ಅವಕಾಶವನ್ನು ಕುರಿತು ಮಾತು ನಡೆದರೂ ಅದು ಕಾರ್ಯಕ್ಕೆ ಬರಲಿಲ್ಲ.

ಉತ್ತರವು ಸರಿಯಾಗಿದ್ದರೂ ಮಾನವನ್ನು ಬರೆಯದ ಹುಡುಗನ ಅಂಕವನ್ನು ಕಳೆಯುವ ಉಪಾಧ್ಯಾಯರನ್ನು ನಿಷ್ಠುರರೆಂದು ಆಕ್ಷೇಪಿಸುವ ತಾಯಿತಂದೆಗಳುಂಟು. ಅವರು ಈ ನೌಕೆಯ ಕಥೆಯನ್ನು ಮಕ್ಕಳಿಗೆ ಹೇಳಲಿ. ಲೆಕ್ಕದಲ್ಲಿ ಸಂದೇಹ ಬಂದಲ್ಲಿ ಸಂಕೋಚಪಡದೆ ಕೇಳಬೇಕೆಂಬುದನ್ನೂ ಅದರೊಡನೆ ಕಲಿಸಲಿ.