ಸಿಂಧೂ ದಡದ ಚೀನೀ ಅಣುಸ್ಥಾವರ

ಚೀನ ದೇಶವು ತನ್ನ ಮೊದಲ ಅಣುಬಾಂಬನ್ನು ಸಿಡಿಸಿದ್ದು ೧೯೬೪ರ ಅಕ್ಟೋಬರ್ ೧೬ರಂದು. ಅದೇ ಅಣುವಿನಿಂದ ಮನೆಯ ದೀಪವೊಂದನ್ನು ಬೆಳಗಿಸಲು ಅದಕ್ಕೆ ಮತ್ತೆ ಇಪ್ಪತ್ತೇಳು ವರ್ಷಗಳು ಹಿಡಿದವು. ಜೆಜಿಯಾಂಗ್ ಪ್ರಾಂತದ ಕಡಲಂಚಿನ ಚಿನ್‌ಶಾನ್ ಎಂಬಲ್ಲಿ ಕಟ್ಟಿದ ೩೦೦ ಮೆಗಾವಾಟ್ ಸ್ಥಾವರವು ವಿದ್ಯುಜ್ಜಾಲವನ್ನು ಸೇರಿದ್ದು ೧೯೯೧ರ ಡಿಸೆಂಬರ್ ೧೫ರಂದು. ಸಂಹಾರದ ವಿದ್ಯೆ ಮೊದಲು, ಬೆಳಕಿನ ವಿದ್ಯೆ ಆಮೇಲೆ ಎಂಬುದು ಚೀನ ಒಂದರ ಕಥೆಯಲ್ಲ. ಅಮೆರಿಕ, ರಷ್ಯ, ಬ್ರಿಟನ್ನುಗಳು ನಡೆದುಬಂದ ದಾರಿಯೂ ಅದೇ. ನನ್ನ ಕುತೂಹಲವನ್ನು ಕೆರಳಿಸಿದ್ದು ಬೇರೊಂದು ಸಂಗತಿ. ಚಿನ್‌ಶಾನ್ ಜಾಲವನ್ನು ಸೇರಿದ ಹದಿನಾರನೆಯ ದಿನ, ಅದೇ ಡಿಸೆಂಬರ್ ೩೧ರಂದು, ಅಂಥದೇ ಇನ್ನೊಂದು ಸ್ಥಾವರವನ್ನು ಪಾಕಿಸ್ತಾನಕ್ಕೆ ಕಟ್ಟಿಕೊಡುವ ಕರಾರಿಗೆ ಚೀನ ಸಹಿ ಹಾಕಿತು. ಹೊಸ ಅಂಗಿಯನ್ನು ತಾನು ಒಂದು ಹಬ್ಬಕ್ಕೂ ತೊಟ್ಟು ನೋಡುವ ಮುನ್ನ ಅದೇ ಅಳತೆಯ ಇನ್ನೊಂದನ್ನು ನೆರೆಮನೆಯವನಿಗೆ ಹೊಲಿದು ಕೊಡುತ್ತೇನೆಂದು ಮುಂಗಡ ಹಿಡಿದ ಹಾಗಾಯಿತು ಇದು.

ಕರಾರಿನ ಸ್ಥಳ ಪಂಜಾಬಿನ ಮಿಯಾನ್‌ವಾಲಿ ಜಿಲ್ಲೆಯ ಚಷ್ಮಾ, ಸಿಂಧೂ ನದಿಯ ಎಡದಂಡೆ. ಚಷ್ಮಾ ಎಂದೊಡನೆ ನಮ್ಮ ಕಡೆಯವರಿಗೆ ಮೂಗಿನ ಮೇಲಿನ ಕನ್ನಡಕ ನೆನಪಾಗುತ್ತದೆ. ಪಾರಸಿಯಲ್ಲಿ ‘ಚಶ್ಮ್’ ಎಂದರೆ ಕಣ್ಣು. ನೆಲದ ಕಣ್ಣು ತೆರೆದು ನೀರುಕ್ಕುವ ಒರತೆಯೂ ಚಷ್ಮಾ, ಕಣ್ಣಿಗೆ ಒದಗುವ ಗಾಜೂ ಚಷ್ಮಾ. ಸ್ಥಾವರಕ್ಕೆ ಬೇಕಾದದ್ದು ಒರತೆಯ ನೀರು. ನೋಡುವವರಿಗೆ ಬೇಕಾದದ್ದು ಕನ್ನಡಕ. ಭಾಷೆಯ ಮೇಷ್ಟ್ರ ಈ ಚಾಪಲ್ಯವನ್ನು ಕೇಳುಗರು ಕ್ಷಮಿಸಬೇಕು.

ಪಾಕಿಸ್ತಾನ ಚೀನದ ಬಾಗಿಲಿಗೆ ಏಕೆ ಹೋಯಿತು? ಅದರ ಮೊದಲ ಅಣುವಿದ್ಯುತ್ ಸ್ಥಾವರವನ್ನು ಕರಾಚಿಯ ಪಶ್ಚಿಮಕ್ಕೆ, ಕಡಲ ದಂಡೆಯಲ್ಲಿ, ಕೆನಡಾದವರು ಕಟ್ಟಿಕೊಟ್ಟಿದ್ದರು. ೧೩೭ ಮೆಗಾವಾಟಿನ ಆ ಸ್ಥಾವರ ೧೯೭೨ರಲ್ಲಿ ಉದ್ಘಾಟನೆಯಾಯಿತು. ೧೯೭೪ರ ಮೇ ತಿಂಗಳಿನಲ್ಲಿ ನಾವು ಪೋಖ್ರಾನಿನಲ್ಲಿ ಅಣುಸ್ಫೋಟ ನಡೆಸಿದೆವು. ಅದರ ಬಿಸಿ ತಟ್ಟಿದ್ದು ನಮಗೆ ಮಾತ್ರವಲ್ಲ. ಅಣುಸಾಮಗ್ರಿ ಮಾರುವ ದೇಶಗಳು ಒಂದು ಕೂಟ ಕಟ್ಟಿಕೊಂಡವು. ಕೆನಡಾ ೧೯೭೬ರ ಕೊನೆಯಲ್ಲಿ ಪಾಕಿಸ್ತಾನಕ್ಕೆ ಇಂಧನವನ್ನೂ ಬಿಡಿಭಾಗಗಳನ್ನೂ ನಿಲ್ಲಿಸಿತು. ಇಂಧನ ಮರುಸಂಸ್ಕರಣೆಯ ಕಾರ್ಖಾನೆ ಕೊಡುತ್ತೇನೆಂದಿದ್ದ ಫ್ರಾನ್ಸ್ ೧೯೭೮ರಲ್ಲಿ ಹಿಂಜರಿಯಿತು. ಕರಾಚಿಯ ಇಂಜಿನಿಯರುಗಳು ತಾವೇ ಇಂಧನ ತಯಾರಿಸಿಕೊಂಡು ೧೯೮೦ರಿಂದ ಆ ಯಂತ್ರವನ್ನು ಹೇಗೋ ನಡೆಸಿದರು. ಆ ಛಲವನ್ನು ನಾನು ಮೆಚ್ಚುತ್ತೇನೆ. ಆದರೆ ಮಾಡಿದವನ ಸಲಹೆಯಿಲ್ಲದೆ ಅಣುಯಂತ್ರವನ್ನು ನಡೆಸುವುದು ಮೆಚ್ಚುಗೆಯ ಜೊತೆಗೆ ಅಂಜಿಕೆಯನ್ನೂ ಹುಟ್ಟಿಸುವ ಕೆಲಸ. ೧೯೮೯ರಲ್ಲಿ ಅಲ್ಲಿ ಭಾರಜಲ ಸೋರಿತು. ೨೦೧೧ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಸೋರಿ ಏಳು ಗಂಟೆಗಳ ಕಾಲ ತುರ್ತುಸ್ಥಿತಿ ಸಾರಬೇಕಾಯಿತು. ೧೯೯೦ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ ಸ್ಥಾವರ ಕೊಡುವ ಮಾತಾಡಿದರು; ಅದು ಮಾತಾಗಿಯೇ ಉಳಿಯಿತು. ಉಳಿದದ್ದು ಚೀನ, ೧೯೮೬ರಲ್ಲೇ ಎರಡು ದೇಶಗಳ ನಡುವೆ ಅಣುಸಹಕಾರದ ಒಪ್ಪಂದವೂ ಆಗಿತ್ತು.

ಮಾರುವವನ ಕೈಯಲ್ಲಿ ಆಗ ಇದ್ದದ್ದಾದರೂ ಎಷ್ಟು? ಚೌ ಎನ್‌ಲಾಯ್ ಅವರ ಪ್ರೇರಣೆಯಿಂದ ೧೯೭೦ರ ಫೆಬ್ರವರಿ ೮ರಂದು ಶಾಂಘಾಯಿಯಲ್ಲಿ ಆರಂಭವಾದ ಯೋಜನೆಗೆ ಆ ತಾರೀಖನ್ನೇ ಹೆಸರಾಗಿಸಿ ‘೭೨೮’ ಎಂದು ಕರೆದಿದ್ದರು. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಅದು ತೆವಳಿತು. ಚಿನ್‌ಶಾನಿನಲ್ಲಿ ಕಾಂಕ್ರೀಟ್ ಬಿದ್ದದ್ದು ೧೯೮೫ರಲ್ಲಿ. ನಕ್ಷೆ ಚೀನೀಯರದೇ. ಆದರೆ ಸ್ಥಾವರದ ಹೃದಯವೆನ್ನಬಹುದಾದ ಒತ್ತಡದ ಕಡಾಯಿ ಜಪಾನಿನ ಮಿತ್ಸುಬಿಷಿಯದು.

ಈ ಕಡಾಯಿಯ ಮಹತ್ವವನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರನ್ನು ನೆನೆಯಿರಿ. ಒತ್ತಡ ಹೆಚ್ಚಿದಷ್ಟೂ ನೀರು ಕುದಿಯಲು ಹೆಚ್ಚು ಶಾಖ ಬೇಕು. ಈ ಬಗೆಯ ರಿಯಾಕ್ಟರಿನಲ್ಲಿ ನೀರಿನ ಮೇಲೆ ವಾಯುಮಂಡಲದ ಸುಮಾರು ೧೫೦ ಪಟ್ಟು ಒತ್ತಡವಿರುತ್ತದೆ. ೩೦೦ ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಆ ನೀರು ಯುರೇನಿಯಂ ಸರಳುಗಳ ಶಾಖವನ್ನು ಹೊತ್ತು ಇನ್ನೊಂದು ಪಾತ್ರೆಯ ನೀರಿಗೆ ದಾಟಿಸುತ್ತದೆ. ಅಲ್ಲಿ ಹುಟ್ಟಿದ ಉಗಿ ಟರ್ಬೈನನ್ನು ತಿರುಗಿಸುತ್ತದೆ. ಅಡಿಗೆಮನೆಗೂ ಸ್ಥಾವರಕ್ಕೂ ಒಂದು ಭಯಂಕರ ವ್ಯತ್ಯಾಸವುಂಟು. ಕುಕ್ಕರಿನ ಕೆಳಗಿನ ಒಲೆಯನ್ನು ಆರಿಸಿದರೆ ಕಥೆ ಮುಗಿಯಿತು. ಅಣುವಿನ ಒಲೆಯನ್ನು ಆರಿಸಿದರೂ ಕೆಂಡ ಆರದು. ನಿಲ್ಲಿಸಿದ ಗಳಿಗೆಯಲ್ಲಿ ಮೂಲ ಶಾಖದ ಶೇಕಡ ೬-೭ ಭಾಗ ಇದ್ದೇ ಇರುತ್ತದೆ. ೩೦೦೦ ಮೆಗಾವಾಟ್ ಶಾಖದ ರಿಯಾಕ್ಟರಿನಲ್ಲಿ ಅದು ೨೦೦ ಮೆಗಾವಾಟಿನಷ್ಟು. ಗಂಟೆಗಳು ಕಳೆದಂತೆ ಇಳಿದರೂ ದಿನಗಟ್ಟಲೆ ನೀರು ಹರಿಸುತ್ತಲೇ ಇರಬೇಕು. ೨೦೧೧ರ ಮಾರ್ಚ್ ೧೧ರಂದು ಫುಕುಷಿಮದಲ್ಲಿ ಭೂಕಂಪವಾದೊಡನೆ ರಿಯಾಕ್ಟರುಗಳು ನಿಂತವು. ಸುನಾಮಿ ಬಂದು ಪಂಪುಗಳ ವಿದ್ಯುತ್ತನ್ನು ಕಸಿಯಿತು. ಕೆಂಡ ತನ್ನ ಪಾತ್ರೆಯನ್ನು ತಾನೇ ಕರಗಿಸಿತು.

ಚಷ್ಮಾದ ಕಡಾಯಿಯನ್ನು ಚೀನ ತಾನೇ ಎರಕ ಹೊಯ್ಯಬೇಕಾಯಿತು. ೧೯೯೩ರ ಆಗಸ್ಟಿನಲ್ಲಿ ಕೆಲಸ ಆರಂಭವಾಯಿತು. ಆ ಕೆಲಸ ನಡೆಯುತ್ತಿದ್ದಾಗಲೇ, ೧೯೯೮ರಲ್ಲಿ, ಮೂಲ ಸ್ಥಾವರವಾದ ಚಿನ್‌ಶಾನಿನಲ್ಲಿ ರೋಗ ಕಾಣಿಸಿಕೊಂಡಿತು. ರಿಯಾಕ್ಟರಿನ ಒಡಲಿನೊಳಗೆ ಅಳತೆಯ ಉಪಕರಣಗಳನ್ನು ಇಳಿಬಿಡುವ ನಳಿಕೆಗಳು ಸಡಿಲಗೊಂಡು ಮುರಿದಿದ್ದವು. ಒಂದು ವರ್ಷಕ್ಕೂ ಮೇಲೆ ಅದನ್ನು ನಿಲ್ಲಿಸಿ, ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪೆನಿಯವರನ್ನು ಕರೆಸಿ ರಿಪೇರಿ ಮಾಡಿಸಬೇಕಾಯಿತು. ಹೊರಜಗತ್ತಿಗೆ ಸುದ್ದಿ ಮುಟ್ಟಿದ್ದು ತಡವಾಗಿ. ಅಣ್ಣನ ಕಾಯಿಲೆಯಿಂದ ತಮ್ಮನಿಗೆ ಪಾಠ ಕಲಿಯಲು ಅವಕಾಶ ದೊರೆತದ್ದು ಚಷ್ಮಾದ ಅದೃಷ್ಟವೆಂದೇ ಹೇಳಬೇಕು. ಸಿಂಧೂ ಬಯಲಿನ ಮರಳುಮಣ್ಣು ಭೂಕಂಪದಲ್ಲಿ ಹೇಗೆ ವರ್ತಿಸೀತು ಎಂಬ ಪ್ರಶ್ನೆಯನ್ನು ಪಾಕಿಸ್ತಾನದ್ದೇ ಭೌತವಿಜ್ಞಾನಿಗಳಾದ ಜಿಯಾ ಮಿಯಾನ್ ಮತ್ತು ಎ. ಎಚ್. ನಯ್ಯರ್ ಅವರು ಎತ್ತಿದರು. ಸ್ಥಾವರವು ೨೦೦೦ದ ಜೂನ್ ೧೩ರಂದು ಜಾಲವನ್ನು ಸೇರಿತು. ಆ ದೇಶದಲ್ಲಿ ಅಣು ಆಯೋಗದಿಂದ ಪ್ರತ್ಯೇಕವಾದ ನಿಯಂತ್ರಣ ಪ್ರಾಧಿಕಾರ ಸ್ಥಾಪನೆಯಾದದ್ದು ಮರುವರ್ಷ, ೨೦೦೧ರಲ್ಲಿ. ಪರೀಕ್ಷೆ ಬರೆದವನೂ ಅಂಕ ಹಾಕುವವನೂ ಅದುವರೆಗೆ ಒಂದೇ ಮನೆಯವರು.

ಹೀಗೆಂದು ಚಷ್ಮಾದ ಲೆಕ್ಕವನ್ನು ಬರಿಯ ಸಂಶಯದಲ್ಲಿ ಮುಗಿಸುವುದು ನ್ಯಾಯವಲ್ಲ. ಅದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಟ್ಟ ಸ್ಥಾವರ. ಅದೇ ಮಾದರಿಯ ಇನ್ನೂ ಮೂರು, ೨೦೧೧, ೨೦೧೬, ೨೦೧೭ರಲ್ಲಿ, ಅದೇ ದಂಡೆಯ ಮೇಲೆ ಎದ್ದವು. ನಾಲ್ಕರಲ್ಲಿ ಯಾವುದರಿಂದಲೂ ದೊಡ್ಡ ಅನಾಹುತದ ವರದಿಯಿಲ್ಲ. ತಕರಾರು ಎದ್ದದ್ದು ಕಾನೂನಿನ ಅಂಗಳದಲ್ಲಿ. ೨೦೦೪ರಲ್ಲಿ ಚೀನವೂ ಮಾರಾಟಗಾರ ದೇಶಗಳ ಕೂಟವನ್ನು ಸೇರಿತ್ತು. ಎಲ್ಲ ಅಣುಕೇಂದ್ರಗಳನ್ನೂ ತಪಾಸಣೆಗೆ ತೆರೆಯದ ದೇಶಕ್ಕೆ ಸ್ಥಾವರ ಮಾರಕೂಡದೆಂಬುದು ಆ ಕೂಟದ ನಿಯಮ. ಮೂರು, ನಾಲ್ಕನೆಯ ಸ್ಥಾವರಗಳು ಹಳೆಯ ಒಪ್ಪಂದಕ್ಕೇ ಸೇರಿದವು ಎಂದು ಚೀನ ವಾದಿಸಿತು, ಹಲವರು ಒಪ್ಪಲಿಲ್ಲ. ೨೦೦೮ರ ಸೆಪ್ಟೆಂಬರಿನಲ್ಲಿ ಅದೇ ಕೂಟ ಭಾರತಕ್ಕೆ ವಿನಾಯಿತಿ ಕೊಟ್ಟದ್ದನ್ನು ಪಾಕಿಸ್ತಾನದವರು ಎತ್ತಿ ತೋರಿಸಿದರೆ ನಾವು ಕಿವಿಮುಚ್ಚಿಕೊಳ್ಳುವಂತಿಲ್ಲ.

ಚೀನದ ಅಣುರಫ್ತಿನಲ್ಲಿ ಸಣ್ಣ ಸರಕೂ ಉಂಟು. ಅಲ್ಜೀರಿಯದ ಮರುಭೂಮಿಯಂಚಿನಲ್ಲಿ ಅದು ಗುಟ್ಟಾಗಿ ಕಟ್ಟುತ್ತಿದ್ದ ೧೫ ಮೆಗಾವಾಟಿನ ಸಂಶೋಧನಾ ರಿಯಾಕ್ಟರು ೧೯೯೧ರಲ್ಲಿ ಬಯಲಾಯಿತು. ಆಮೇಲೆ ತಪಾಸಣೆಗೆ ಒಳಪಟ್ಟಿತು. ೩೦ ಕಿಲೋವಾಟಿನ ಪುಟ್ಟ ರಿಯಾಕ್ಟರುಗಳು ಪಾಕಿಸ್ತಾನ, ಇರಾನ್, ಸಿರಿಯ, ಘಾನಾ, ನೈಜೀರಿಯಗಳಿಗೆ ಹೋದವು. ಅವುಗಳ ಒಡಲಿನಲ್ಲಿದ್ದದ್ದು ಬಾಂಬಿಗೂ ಒದಗುವಷ್ಟು ಸಾಂದ್ರವಾದ ಯುರೇನಿಯಂ, ತಲಾ ಒಂದು ಕಿಲೋದಷ್ಟು. ಘಾನಾದ್ದನ್ನು ೨೦೧೭ರಲ್ಲೂ ನೈಜೀರಿಯದ್ದನ್ನು ೨೦೧೮ರಲ್ಲೂ ಚೀನ ಹಿಂದಕ್ಕೆ ಒಯ್ದು, ಸೌಮ್ಯವಾದ ಇಂಧನವನ್ನು ತುಂಬಲಾಯಿತು. ಮಾರಿದ ಸರಕಿನ ಅಪಾಯವನ್ನು ಮಾರಿದವನೇ ಹಿಂಪಡೆದ ಈ ಪ್ರಸಂಗಕ್ಕೆ ಪತ್ರಿಕೆಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ.

ಈಗ ದೊಡ್ಡ ಯಂತ್ರದ ಮಾತು. ಹಾಂಗ್‌ಕಾಂಗಿನ ಸಮೀಪದ ದಾಯಾ ಬೇಯಲ್ಲಿ ೧೯೮೭ರಿಂದ ಫ್ರೆಂಚರು ಕಟ್ಟಿದ ಸ್ಥಾವರಗಳನ್ನು ನೋಡಿ, ಕಲಿತು, ತಿದ್ದಿ ಚೀನ ರೂಪಿಸಿಕೊಂಡ ನಕ್ಷೆಗೆ ‘ಹುವಾಲೊಂಗ್’ ಎಂದು ಹೆಸರು. ಚೀನದ ಡ್ರ್ಯಾಗನ್ ಎಂದು ಅರ್ಥ. ಫ್ರೆಂಚ್ ಮೂಲದಲ್ಲಿ ೧೫೭ ಇಂಧನದ ಕಟ್ಟುಗಳಿದ್ದರೆ ಇದರಲ್ಲಿ ೧೭೭. ಹೊರೆ ಹೆಚ್ಚು ಹೆಗಲುಗಳಿಗೆ ಹಂಚಿಹೋಗುತ್ತದೆ. ಸುತ್ತಲೂ ಎರಡು ಪದರಗಳ ಕಾಂಕ್ರೀಟ್ ಕೋಟೆ. ಫುಕುಷಿಮದ ಪಾಠವೂ ಇದರಲ್ಲಿದೆ: ವಿದ್ಯುತ್ತೆಲ್ಲ ಹೋದರೂ, ಪಂಪುಗಳ ಹಂಗಿಲ್ಲದೆ, ಎತ್ತರದ ತೊಟ್ಟಿಗಳ ನೀರು ತಾನಾಗಿ ಸುತ್ತಿ ೭೨ ಗಂಟೆಗಳ ಕಾಲ ಕೆಂಡದ ಶಾಖವನ್ನು ಹೀರುತ್ತದೆ. ಕಾಗದದ ಮೇಲೆ ಇದು ಒಳ್ಳೆಯ ಯಂತ್ರ. ಇಂಥ ಎರಡನ್ನು, ತಲಾ ೧೧೦೦ ಮೆಗಾವಾಟಿನವು, ಕರಾಚಿಯಲ್ಲಿ ಹಳೆಯ ಕೆನಡಾ ಸ್ಥಾವರದ ಮಗ್ಗುಲಲ್ಲೇ ಕಟ್ಟುವುದಕ್ಕೆ ೨೦೧೩ರ ನವೆಂಬರಿನಲ್ಲಿ ನವಾಜ್ ಷರೀಫ್ ಅಡಿಗಲ್ಲಿಟ್ಟರು. ವೆಚ್ಚ ಸುಮಾರು ೯೬೦ ಕೋಟಿ ಡಾಲರು. ಅದರಲ್ಲಿ ೬೫೦ ಕೋಟಿ ಚೀನದ್ದೇ ಸಾಲ.

ಅಂದು ಆ ನಕ್ಷೆಯ ಒಂದು ಸ್ಥಾವರವೂ ಜಗತ್ತಿನ ಯಾವ ಮೂಲೆಯಲ್ಲೂ ನಡೆಯುತ್ತಿರಲಿಲ್ಲ. ೧೯೬೧ರಲ್ಲಿ ಸುಮಾರು ೨೦ ಲಕ್ಷ ಜನರಿದ್ದ ಕರಾಚಿ ೨೦೨೩ರ ಗಣತಿಯ ವೇಳೆಗೆ ೨ ಕೋಟಿ ದಾಟಿದ ನಗರ. ಅಪಘಾತವಾದರೆ ಇಷ್ಟು ಜನ ಯಾವ ರಸ್ತೆಯಲ್ಲಿ, ಎಲ್ಲಿಗೆ ಹೋಗಬೇಕು? ಪರ್ವೇಜ್ ಹೂದ್‌ಭಾಯ್, ನಯ್ಯರ್, ಚಿತ್ರನಿರ್ದೇಶಕಿ ಶರ್ಮೀನ್ ಉಬೈದ್ ಚಿನೋಯ್ ಮೊದಲಾದವರು ೨೦೧೪ರಲ್ಲಿ ಸಿಂಧ್ ಹೈಕೋರ್ಟಿನ ಮೆಟ್ಟಿಲೇರಿದರು. ನ್ಯಾಯಾಲಯ ಆ ಅಕ್ಟೋಬರಿನಲ್ಲಿ ತಡೆಯಾಜ್ಞೆ ಕೊಟ್ಟಿತು. ಪರಿಸರದ ಪರಿಶೀಲನೆಯನ್ನು ಹೊಸದಾಗಿ, ಸಾರ್ವಜನಿಕ ವಿಚಾರಣೆಯೊಂದಿಗೆ ನಡೆಸಬೇಕಾಯಿತು. ಆನಂತರ ಕೆಲಸ ಮುಂದುವರಿಯಿತು. ಅವರು ಸೋತರೆಂದು ಹೇಳುವುದು ಸುಲಭ. ದೇಶಪ್ರೇಮದ ಹೆಸರಿನಲ್ಲಿ ಎಲ್ಲರ ಬಾಯಿ ಕಟ್ಟಿರುವ ವಿಷಯವೊಂದನ್ನು ಸಾರ್ವಜನಿಕ ವಿಚಾರಣೆಯ ವೇದಿಕೆಗೆ ತಂದದ್ದು ಸಣ್ಣ ಕೆಲಸವೆಂದು ನನಗೆ ತೋರುವುದಿಲ್ಲ.

ಕಾಲ ಅವರ ಒಂದು ಆತಂಕವನ್ನು ಸ್ವಲ್ಪ ತಗ್ಗಿಸಿತು. ಚೀನದ್ದೇ ಫೂಚಿಂಗಿನಲ್ಲಿ ಇದೇ ಬಗೆಯ ಸ್ಥಾವರ ೨೦೨೦ರ ನವೆಂಬರ್ ೨೭ರಂದು ಜಾಲ ಸೇರಿತು. ಕರಾಚಿಯದು ೨೦೨೧ರ ಮಾರ್ಚ್ ೧೮ರಂದು. ಅಣ್ಣ ತಮ್ಮಂದಿರ ನಡುವೆ ಈ ಸಲ ನಾಲ್ಕು ತಿಂಗಳ ಅಂತರ ಕೂಡ ಇರಲಿಲ್ಲ. ಕರಾಚಿಯ ಎರಡನೆಯದು ೨೦೨೨ರ ಮಾರ್ಚಿನಲ್ಲಿ ಸೇರಿತು. ಹಳೆಯ ಕೆನಡಾ ಯಂತ್ರಕ್ಕೆ ೨೦೨೧ರ ಆಗಸ್ಟ್ ೧ರಂದು ಶಾಶ್ವತ ವಿಶ್ರಾಂತಿ ದೊರೆತಿತ್ತು.

ಇದೇ ಹುವಾಲೊಂಗ್ ಬ್ರಿಟನ್ನಿನ ಬಾಗಿಲನ್ನೂ ತಟ್ಟಿತು. ಎಸೆಕ್ಸ್ ಪ್ರಾಂತದ ಬ್ರ್ಯಾಡ್‌ವೆಲ್ಲಿನಲ್ಲಿ ಕಟ್ಟುವ ಯೋಚನೆ. ಅಲ್ಲಿನ ನಿಯಂತ್ರಣ ಕಚೇರಿ ೨೦೧೭ರ ಜನವರಿಯಿಂದ ೨೦೨೨ರ ಫೆಬ್ರವರಿಯವರೆಗೆ, ಐದು ವರ್ಷ, ನಕ್ಷೆಯನ್ನು ಜರಡಿ ಹಿಡಿಯಿತು. ದಾಖಲೆಗಳನ್ನು ಸಾರ್ವಜನಿಕರ ಮುಂದಿಟ್ಟು ಯಾರು ಬೇಕಾದರೂ ಪ್ರಶ್ನಿಸಬಹುದೆಂದಿತು. ಮಾರ್ಪಾಡುಗಳನ್ನು ಮಾಡಿಸಿ ಕೊನೆಗೆ ಒಪ್ಪಿಗೆಯ ಪತ್ರ ಕೊಟ್ಟಿತು. ಸ್ಥಾವರ ಮಾತ್ರ ಅಲ್ಲಿ ಏಳಲಿಲ್ಲ. ರಾಜಕೀಯದ ಗಾಳಿ ತಿರುಗಿತ್ತು. ಯಂತ್ರದ ಯೋಗ್ಯತೆಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಚೀನಕ್ಕೆ ಬೇಕಿಲ್ಲ. ಆದರೆ ಯಂತ್ರ ಒಂದೇ ಆದರೂ ಎಸೆಕ್ಸಿನ ರೈತನಿಗೆ ಸಿಕ್ಕ ಕಾಗದಪತ್ರ ಕರಾಚಿಯ ಮೀನುಗಾರನಿಗೆ ಸಿಗಲಿಲ್ಲ. ನನ್ನ ಮಟ್ಟಿಗೆ ಸುರಕ್ಷತೆಯ ಪ್ರಶ್ನೆ ಇರುವುದು ಕಡಾಯಿಯ ಉಕ್ಕಿನಲ್ಲಿ ಅರ್ಧ, ಈ ಕಾಗದದಲ್ಲಿ ಇನ್ನರ್ಧ. ೨೦೨೧ರ ಜೂನಿನಲ್ಲಿ ಚೀನದ ತೈಶಾನ್ ಸ್ಥಾವರದಲ್ಲಿ (ಅದು ಫ್ರೆಂಚ್ ನಕ್ಷೆಯದು) ಇಂಧನದ ಸರಳುಗಳು ಸೋರುತ್ತಿರುವ ಸುದ್ದಿ ಜಗತ್ತಿಗೆ ತಿಳಿದದ್ದು ಅಮೆರಿಕದ ವಾರ್ತಾಸಂಸ್ಥೆಯೊಂದರ ಮೂಲಕ. ಸುಮಾರು ಅರವತ್ತು ಸಾವಿರ ಸರಳುಗಳಲ್ಲಿ ಐದರಷ್ಟು ಕೆಟ್ಟಿವೆ, ಅಪಾಯವಿಲ್ಲ ಎಂದು ಚೀನ ಸರ್ಕಾರ ಹೇಳಿದ್ದು ಆಮೇಲೆ. ಹೇಳಿದ್ದು ಸುಳ್ಳಾಗಿರಲಿಕ್ಕಿಲ್ಲ, ಕೇಳಿದ ಮೇಲೆ ಹೇಳಿದ್ದು ಎಂಬುದೇ ತೊಂದರೆ.

ನಮಗೂ ಇದಕ್ಕೂ ಇರುವ ನಂಟನ್ನು ಒಂದು ಮಾತಿನಲ್ಲಿ ಹೇಳಬೇಕು. ಪರಸ್ಪರರ ಅಣುಕೇಂದ್ರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಭಾರತವೂ ಪಾಕಿಸ್ತಾನವೂ ೧೯೮೮ರ ಡಿಸೆಂಬರ್ ೩೧ರಂದು ಒಪ್ಪಿಕೊಂಡವು. ಅಣುವಿದ್ಯುತ್ ಸ್ಥಾವರಗಳೆಲ್ಲ ಅದರ ವ್ಯಾಪ್ತಿಗೆ ಸೇರುತ್ತವೆ. ಸಿಂಧೂ ದಂಡೆಯ ಚಷ್ಮಾದಂತೆ ಕಾಳೀ ನದಿಯ ದಂಡೆಯ ನಮ್ಮ ಕೈಗಾ ಕೂಡ. ಅದರಂತೆ ಪಟ್ಟಿಗಳನ್ನು ಮೊದಲು ಬದಲಾಯಿಸಿಕೊಂಡದ್ದು ೧೯೯೨ರ ಜನವರಿ ೧ರಂದು, ಚಷ್ಮಾದ ಕರಾರಿಗೆ ಸಹಿ ಬಿದ್ದ ಮರುದಿನ. ಯುದ್ಧವಿರಲಿ, ಮುನಿಸಿರಲಿ, ಆ ವಾಡಿಕೆ ತಪ್ಪದೆ ಬಂದಿದೆ. ೨೦೨೪ರ ಡಿಸೆಂಬರ್ ೩೦ರಂದು ಚಷ್ಮಾದಲ್ಲಿ ಐದನೆಯ ಸ್ಥಾವರಕ್ಕೆ, ಈ ಬಾರಿ ಹುವಾಲೊಂಗಿಗೆ, ಮೊದಲ ಕಾಂಕ್ರೀಟ್ ಸುರಿದರು. ಎರಡು ದಿನ ಕಳೆದು ಹೊಸ ವರ್ಷದ ಬೆಳಿಗ್ಗೆ ದೆಹಲಿ ಮತ್ತು ಇಸ್ಲಾಮಾಬಾದುಗಳಲ್ಲಿ ಪಟ್ಟಿಗಳು ಕೈ ಬದಲಾಯಿಸಿದವು.