ಪಡಿಯಚ್ಚು ಮತ್ತು ಅಮೂರ್ತಚಿತ್ರ: ಪಟಾನ್‌ಚೆರುವಿನ ಕೈಗಾರಿಕಾ ಕಟ್ಟಡಗಳ ನೆಲೆಯಿಂದ ಒಂದು ವಿವೇಚನೆ

ಹೈದರಾಬಾದಿನ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಮುಂಬಯಿಯ ಕಡೆಗೆ ಸಾಗುವ ಹೆದ್ದಾರಿಯ ಮೇಲಿರುವ ಪಟಾನ್‌ಚೆರು ಕನ್ನಡ ಸಂಶೋಧಕರಿಗೆ ಪೊಟ್ಟಲಕೆರೆಯೆಂಬ ಹೆಸರಿನಿಂದಲೇ ಹೆಚ್ಚು ಪರಿಚಿತವಾದುದು. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಕಾಲದಲ್ಲಿ, ಎಂದರೆ 11ನೆಯ ಶತಮಾನದ ಪೂರ್ವಾರ್ಧದಲ್ಲಿ, ಇದು ಅರಸನ ನೆಲೆವೀಡಾಗಿತ್ತು. ದೇವರ ದಾಸಿಮಯ್ಯನನ್ನೂ ರಾಣಿ ಸುಗ್ಗಲದೇವಿಯನ್ನೂ ಕುರಿತ ವೀರಶೈವ ಪುರಾಣಕಥನಗಳಿಗೆ ಈ ಊರೇ ರಂಗಸ್ಥಳ. ಇಲ್ಲಿ ದೊರೆತ ಜೈನ ಶಿಲ್ಪಗಳನ್ನು ಹೈದರಾಬಾದಿನ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು. ಕನ್ನಡದ 'ಕೆರೆ' ತೆಲುಗಿನ 'ಚೆರುವು' ಆಗಿ ಮಾರ್ಪಟ್ಟರೂ ಊರಿನ ಹೆಸರು ನೀರನ್ನು ಬಿಟ್ಟುಕೊಟ್ಟಿಲ್ಲವೆಂಬುದನ್ನು ಗಮನಿಸಬೇಕು.

ಇದೇ ನೆಲದಲ್ಲಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಇನ್ನೊಂದು ಬಗೆಯ ನಿರ್ಮಾಣ ನಡೆಯಿತು. 1960ರ ದಶಕದಲ್ಲಿ ನೆರೆಯ ರಾಮಚಂದ್ರಾಪುರದಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಕಾರ್ಖಾನೆ ತಲೆಯೆತ್ತಿತು. 1972ರಲ್ಲಿ ಅರೆಶುಷ್ಕ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಪಟಾನ್‌ಚೆರುವಿನಲ್ಲಿ ಸ್ಥಾಪಿತವಾಯಿತು. 1970ರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳು ನೆಲೆಗೊಂಡವು. ಹಿಂದೆ ಮೆದಕ್ ಜಿಲ್ಲೆಗೆ ಸೇರಿದ್ದ ಈ ಊರು 2016ರಿಂದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಉರುಳೆಯಾಕಾರದ ತೊಟ್ಟಿಗಳು, ಕೊಳವೆಗಳ ಜಾಲ, ಹೊಗೆಕೊಳವೆಗಳ ನೇರ ರೇಖೆ, ತಗಡಿನ ಹೊದಿಕೆಯ ಮಡಿಕೆಗಳು, ಇವೆಲ್ಲ ಛಾಯಾಚಿತ್ರಕಾರನಿಗೆ ಸಿದ್ಧ ಆಕೃತಿಗಳು. ಚೌಕಟ್ಟನ್ನು ತುಸು ಕಿರಿದುಗೊಳಿಸಿದರೆ ಕಾರ್ಖಾನೆ ಮರೆಯಾಗಿ ಬರಿಯ ರೇಖೆ, ವೃತ್ತ, ನೆರಳು ಉಳಿಯುತ್ತವೆ. ಹೀಗೆ ಕೈಗಾರಿಕಾ ಕಟ್ಟಡವನ್ನು ಅಮೂರ್ತ ಕಲೆಯಾಗಿ ಕಾಣುವ ದೃಷ್ಟಿಯು ನಮಗೆ ಏನನ್ನು ಕೊಡುತ್ತದೆ, ಏನನ್ನು ಕಸಿಯುತ್ತದೆ ಎಂಬುದನ್ನು ಶಾಸನಾಧ್ಯಯನದ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ನಾಡಿನ ಕಟ್ಟಡಗಳಿಗೂ ಛಾಯಾಚಿತ್ರಕ್ಕೂ ಇರುವ ಸಂಬಂಧ ಹಳೆಯದು. ಲಿನೇಯಸ್ ಟ್ರೈಪ್ 1854ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ಪಿಗೌ, ನೀಲ್, ಬಿಗ್ಸ್ ಇವರ ಚಿತ್ರಗಳನ್ನೊಳಗೊಂಡ, ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಬೃಹದ್ಗ್ರಂಥ 1866ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಇಲ್ಲಿ ಚಿತ್ರವು ದಾಖಲೆ. ಅದರ ಜೊತೆಗೆ ಊರಿನ ಹೆಸರು, ಕಟ್ಟಡದ ವಿವರಣೆ ಇದ್ದೇ ಇರುತ್ತಿದ್ದವು. ಶಾಸನಗಳ ಪಡಿಯಚ್ಚು ಇದಕ್ಕಿಂತಲೂ ಗಮನಾರ್ಹವಾದುದು. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಕುಂಚದಿಂದ ಬಡಿದು, ಮಸಿಯನ್ನು ಒತ್ತಿದಾಗ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಮೂಡುತ್ತವೆ. ಕಲ್ಲಿನ ಬಣ್ಣ, ದಪ್ಪ, ಅದು ನಿಂತ ಹೊಲ ಅಥವಾ ಗುಡಿಯ ಅಂಗಳ, ಯಾವುದೂ ಅದರಲ್ಲಿ ಇರುವುದಿಲ್ಲ. ಆ ಅರ್ಥದಲ್ಲಿ ಪಡಿಯಚ್ಚು ಪೂರ್ಣವಾಗಿ ಅಮೂರ್ತೀಕರಣವೇ. ಆದರೆ ಬರಿಗಣ್ಣು ಓದಲಾರದ ಸವೆದ ಅಕ್ಷರವನ್ನು ಓದಿಸುವುದೂ ಆ ಅಮೂರ್ತೀಕರಣವೇ. 1886ರಲ್ಲಿ ಪ್ರಕಟಣೆ ಆರಂಭಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಬಿ. ಎಲ್. ರೈಸ್ ಅವರು ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಊರು ಮತ್ತು ನೆಲೆಗಳನ್ನು ಹೇಳಿ ಪ್ರಕಟಿಸಿದರು. ಕಲ್ಲಿನಿಂದ ಬೇರ್ಪಟ್ಟ ಪಾಠವನ್ನು ಮತ್ತೆ ನೆಲಕ್ಕೆ ಕಟ್ಟುವ ಕೆಲಸವನ್ನು ಈ ನಾಲ್ಕಾರು ಮಾತುಗಳು ಮಾಡುತ್ತವೆ.

ಕೈಗಾರಿಕಾ ನಿರ್ಮಿತಿಯನ್ನು ಅಮೂರ್ತವಾಗಿ ಚಿತ್ರಿಸುವ ಮಾರ್ಗ ಯೂರೋಪಿನಲ್ಲಿ 1920ರ ದಶಕದಲ್ಲಿ ಪ್ರಬಲವಾಯಿತು. 1928ರಲ್ಲಿ ಎರಡು ಮುಖ್ಯ ಪ್ರಕಟಣೆಗಳು ಬಂದವು. ಜರ್ಮೇನ್ ಕ್ರುಲ್ ಅವರ 'ಮೆಟಾಲ್' 64 ಬಿಡಿ ಹಾಳೆಗಳ ಸಂಪುಟ. ಐಫೆಲ್ ಗೋಪುರ, ಬಂದರಿನ ಎತ್ತುಯಂತ್ರಗಳು, ಸೇತುವೆಗಳ ಭಾಗಗಳು ಅಲ್ಲಿ ಉಕ್ಕಿನ ರೇಖಾವಿನ್ಯಾಸಗಳಾಗಿ ಕಾಣುತ್ತವೆ. ಹಾಳೆಗಳಿಗೆ ವಿವರಣೆಯ ಶೀರ್ಷಿಕೆಗಳಿಲ್ಲ. ಓದುಗನು ಅವನ್ನು ಯಾವ ಕ್ರಮದಲ್ಲಿಯಾದರೂ ನೋಡಬಹುದು. ಆಲ್ಬರ್ಟ್ ರೆಂಗರ್-ಪಾಟ್ಷ್ ತನ್ನ ನೂರು ಚಿತ್ರಗಳ ಪುಸ್ತಕಕ್ಕೆ 'ವಸ್ತುಗಳು' ಎಂದು ಹೆಸರಿಡಬಯಸಿದ್ದನು. ಅದು ಹೊರಬಂದದ್ದು 'ಜಗತ್ತು ಸುಂದರವಾಗಿದೆ' ಎಂಬ ಅರ್ಥದ ಹೆಸರಿನಲ್ಲಿ. ಈ ಬದಲಾವಣೆಯಲ್ಲಿಯೇ ಒಂದು ಸಮಸ್ಯೆ ಅಡಗಿದೆ. ವಸ್ತುವನ್ನು ನಿಷ್ಠುರವಾಗಿ ನೋಡುವುದು ಒಂದು ಕ್ರಿಯೆ. ನೋಡಿದುದೆಲ್ಲವನ್ನೂ ಸುಂದರವೆಂದು ಸಾರುವುದು ಬೇರೊಂದು ಕ್ರಿಯೆ. ಕ್ರುಪ್ ಕಾರ್ಖಾನೆಯ ಚಿತ್ರವೊಂದು ಆ ಸಂಸ್ಥೆಯ ಬಗ್ಗೆ ಏನನ್ನೂ ಹೇಳಲಾರದೆಂಬ ಬರ್ಟೋಲ್ಟ್ ಬ್ರೆಕ್ಟನ ಆಕ್ಷೇಪವನ್ನು ವಾಲ್ಟರ್ ಬೆಂಜಮಿನ್ 1931ರ ತನ್ನ ಪ್ರಬಂಧದಲ್ಲಿ ಎತ್ತಿಕೊಂಡು, ಚಿತ್ರದ ಅಡಿಬರಹದ ಅಗತ್ಯವನ್ನು ಪ್ರತಿಪಾದಿಸಿದನು.

ಈ ಆಕ್ಷೇಪಕ್ಕೆ ಪ್ರಾಯೋಗಿಕ ಉತ್ತರವೆನ್ನಬಹುದಾದ ಕೆಲಸ ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿಗಳದು. 1959ರಿಂದ ಅವರು ನೀರುಗೋಪುರ, ಊದುಕುಲುಮೆ, ಗಣಿಯ ಎತ್ತುಗೋಪುರಗಳನ್ನು ಮೋಡ ಕವಿದ ಬೆಳಕಿನಲ್ಲಿ, ನೇರ ಮುಂದಿನಿಂದ, ಒಂದೇ ಕ್ರಮದಲ್ಲಿ ಚಿತ್ರಿಸಿ ಸಾಲುಸಾಲಾಗಿ ಜೋಡಿಸಿದರು. ಅವರ 1970ರ ಗ್ರಂಥದ ಹೆಸರು 'ಅನಾಮಿಕ ಶಿಲ್ಪಗಳು' ಎಂಬರ್ಥದ್ದು. 1990ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಈ ಛಾಯಾಚಿತ್ರಗಳಿಗೆ ದೊರೆತದ್ದು ಶಿಲ್ಪಕಲೆಯ ಪ್ರಶಸ್ತಿ. ಆದರೂ ಪ್ರತಿಯೊಂದು ಚಿತ್ರಕ್ಕೆ ನಿರ್ಮಿತಿಯ ಬಗೆ, ಊರು, ದೇಶ, ವರ್ಷಗಳನ್ನು ಸೂಚಿಸುವುದು ಅವರ ರೂಢಿಯಾಗಿತ್ತು. ಆ ನಿರ್ಮಿತಿಗಳಲ್ಲಿ ಅನೇಕವು ಮುಂದೆ ನೆಲಸಮವಾದ ಕಾರಣ, ಕಲಾಕೃತಿಯಾಗಿ ಗೋಡೆಯೇರಿದ ಚಿತ್ರವೇ ಅಡಿಬರಹದ ಬಲದಿಂದ ಚರಿತ್ರೆಯ ಆಕರವೂ ಆಯಿತು.

ಭಾರತದಲ್ಲಿ ಈ ದೃಷ್ಟಿ ಮೂರು ಬೇರೆ ದಾರಿಗಳಿಂದ ಬಂದಿತು. ಲೆ ಕಾರ್ಬೂಸಿಯೆಯ ಕಟ್ಟಡಗಳನ್ನು 1949ರಿಂದ ಚಿತ್ರಿಸಿದ ಲೂಸಿಯೆಂ ಎರ್ವೆ 1955 ಮತ್ತು 1961ರಲ್ಲಿ ಭಾರತಕ್ಕೆ ಬಂದು ಚಂಡೀಗಢದ ಕಾಂಕ್ರೀಟನ್ನು ತೀವ್ರವಾದ ನೆರಳುಬೆಳಕಿನ ರೇಖಾಕೃತಿಯಾಗಿ ಕಂಡನು. 1950ರ ದಶಕದ ಕೊನೆಯಿಂದ ಮುಂಬಯಿಯ ಮಿತ್ತರ್ ಬೇಡಿ (1926–1985) ಉದ್ಯಮಸಂಸ್ಥೆಗಳಿಗಾಗಿ ಕಾರ್ಖಾನೆಗಳ ಚಿತ್ರಗಳನ್ನು ತೆಗೆದರು. ರಾಷ್ಟ್ರನಿರ್ಮಾಣದ ಆತ್ಮವಿಶ್ವಾಸ ಮತ್ತು ಗಿರಾಕಿಯ ಪ್ರಚಾರದ ಅಗತ್ಯ ಅವುಗಳಲ್ಲಿ ಒಂದಾಗಿ ಬೆರೆತಿವೆ. ಬರೋಡಾದಲ್ಲಿ ಅಧ್ಯಾಪಕರಾಗಿದ್ದ ನಸ್ರೀನ್ ಮೊಹಮದಿ (1937–1990) ಫತೇಪುರ ಸಿಕ್ರಿಯ ಹಾಸುಗಲ್ಲು, ರಸ್ತೆಯ ಗೆರೆ, ಮಗ್ಗದ ನೂಲುಗಳನ್ನು ಅತ್ಯಂತ ಮಿತವಾದ ರೇಖೆಗಳಾಗಿ ಸೆರೆಹಿಡಿದರು. ತಮ್ಮ ಜೀವಿತಕಾಲದಲ್ಲಿ ಆ ಚಿತ್ರಗಳನ್ನು ಅವರು ಪ್ರದರ್ಶಿಸಲೇ ಇಲ್ಲ. ವಾಸ್ತುಶಿಲ್ಪಿಯ ಕೀರ್ತಿ, ಉದ್ಯಮದ ಪ್ರಚಾರ, ಕಲಾವಿದೆಯ ಏಕಾಂತಶೋಧ ಎಂಬ ಈ ಮೂರೂ ಪ್ರಯೋಜನಗಳು ನೋಟದಲ್ಲಿ ಒಂದನ್ನೊಂದು ಹೋಲುವ ಚಿತ್ರಗಳನ್ನು ಕೊಡಬಲ್ಲವು. ಆದುದರಿಂದ ಚಿತ್ರವನ್ನಷ್ಟೇ ನೋಡಿ ಅದರ ಉದ್ದೇಶವನ್ನು ನಿರ್ಣಯಿಸುವುದು ಸಾಧ್ಯವಾಗದು.

ಈ ಹಿನ್ನೆಲೆಯಲ್ಲಿ ಪಟಾನ್‌ಚೆರುವಿಗೆ ಮರಳಿದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ಇಲ್ಲಿನ ಕೈಗಾರಿಕಾ ಮಾಲಿನ್ಯ ಕುರಿತ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆ 1990ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಸುಮಾರು 90 ಔಷಧ ತಯಾರಕರ ತ್ಯಾಜ್ಯವನ್ನು ಸ್ವೀಕರಿಸುತ್ತಿದ್ದ ಇಲ್ಲಿಯ ಸಾಮಾನ್ಯ ಶುದ್ಧೀಕರಣ ಸ್ಥಾವರದಿಂದ ಹೊರಬಂದ ನೀರಿನಲ್ಲಿ, ಪ್ರತಿ ಲೀಟರಿಗೆ 31 ಮಿಲಿಗ್ರಾಮ್‌ಗಳವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಜೀವಿರೋಧಕ ಔಷಧವಿದ್ದುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ವರದಿ ಮಾಡಿದರು. 2025ರ ಜೂನ್ 30ರಂದು ಸಮೀಪದ ಪಾಶಮೈಲಾರದ ಔಷಧ ಘಟಕವೊಂದರಲ್ಲಿ ಸಂಭವಿಸಿದ ಸ್ಫೋಟದಲ್ಲಿ ನಲವತ್ತಕ್ಕೂ ಹೆಚ್ಚು ಜನ ಮಡಿದರು. ಕೆರೆಯ ಹೆಸರನ್ನು ಹೊತ್ತ ಊರಿನಲ್ಲಿ ನೀರಿಗೆ ಆದುದು, ದುಡಿಯಲು ಬಂದವರಿಗೆ ಆದುದು, ತೊಟ್ಟಿಯ ದುಂಡನೆಯ ಮೈಮೇಲೆ ಬಿದ್ದ ನೆರಳಿನ ಚಿತ್ರದಲ್ಲಿ ಕಾಣುವುದಿಲ್ಲ.

ಹಾಗೆಂದು ಅಮೂರ್ತದೃಷ್ಟಿಯನ್ನೇ ತಿರಸ್ಕರಿಸುವುದು ಸರಿಯಲ್ಲ. ಗರಗಸದ ಹಲ್ಲಿನಂತಿರುವ ಕಾರ್ಖಾನೆಯ ಮಾಡನ್ನು ಬರಿಯ ಲಯವಾಗಿ ನೋಡಿದವನೇ, ಅದರ ಗಾಜಿನ ಮುಖಗಳೆಲ್ಲ ಏಕೆ ಒಂದೇ ದಿಕ್ಕಿಗಿವೆ ಎಂದು ಕೇಳಬಲ್ಲ. ನೇರ ಬಿಸಿಲನ್ನು ತಡೆದು ಉತ್ತರದ ಸಮಬೆಳಕನ್ನು ಒಳಗೆ ಬಿಡುವ ಉಪಾಯವದು ಎಂಬುದು ಆಗ ತಿಳಿಯುತ್ತದೆ. ಪಡಿಯಚ್ಚಿನಂತೆಯೇ ಇಲ್ಲಿಯೂ ಕೆಲವನ್ನು ಬಿಡುವುದರಿಂದ ಕೆಲವು ಸ್ಪಷ್ಟವಾಗುತ್ತವೆ. ದೋಷವಿರುವುದು ಬಿಟ್ಟುದನ್ನು ಎಲ್ಲಿಯೂ ದಾಖಲಿಸದಿರುವುದರಲ್ಲಿ.

ವಸ್ತುಸಂಗ್ರಹಾಲಯದ ಶಿಲ್ಪಗಳ ನಿದರ್ಶನ ಇದಕ್ಕೆ ಒಪ್ಪುತ್ತದೆ. ದೊರೆತ ನೆಲೆ ತಿಳಿದಿರುವ ಜಿನಬಿಂಬ ಪೊಟ್ಟಲಕೆರೆಯ ಚರಿತ್ರೆಗೆ ಸಾಕ್ಷಿ ನುಡಿಯುತ್ತದೆ. ನೆಲೆ ತಿಳಿಯದ ಬಿಂಬ ಎಷ್ಟೇ ಸುಂದರವಾಗಿದ್ದರೂ ಶೈಲಿಯೊಂದರ ಮಾದರಿಯಾಗಿ ಮಾತ್ರ ಉಳಿಯುತ್ತದೆ. ಇಂದಿನ ಕೈಗಾರಿಕಾ ಕಟ್ಟಡಗಳೂ ಶಾಶ್ವತವಲ್ಲ; ಘಟಕಗಳು ಮುಚ್ಚುತ್ತವೆ, ಸ್ಥಾವರಗಳು ಕಳಚಲ್ಪಡುತ್ತವೆ. ಹೊರನಾಡಿನಲ್ಲಿದ್ದು ಇಂಥ ನೆಲೆಗಳಲ್ಲಿ ಕ್ಷೇತ್ರಕಾರ್ಯ ಮಾಡುವ ಕನ್ನಡ ಸಂಶೋಧಕರು ಶಾಸನ ಅಥವಾ ವೀರಗಲ್ಲಿನ ಜೊತೆಗೆ ಪಕ್ಕದ ಕಾರ್ಖಾನೆಯ ಚಿತ್ರವನ್ನೂ ತೆಗೆಯುವುದು ಉಚಿತ. ಆ ಚಿತ್ರಕ್ಕೆ ಊರು, ದಿನಾಂಕ, ನೋಟದ ದಿಕ್ಕು, ಅಲ್ಲಿ ತಯಾರಾಗುವ ವಸ್ತು, ಕಟ್ಟಡದ ಸ್ಥಿತಿ, ಹತ್ತಿರದ ನೀರಿನ ನೆಲೆ ಇಷ್ಟನ್ನಾದರೂ ಬರೆದಿಡಬೇಕು. ಚಿತ್ರವನ್ನು ಕಲೆಯಾಗಿ ನೋಡುವವರಿಗೆ ಈ ಆರು ವಿವರಗಳಿಂದ ಅಡ್ಡಿಯಿಲ್ಲ. ಮುಂದೆ ಪಟಾನ್‌ಚೆರುವಿನ ಚರಿತ್ರೆಯನ್ನು ಬರೆಯುವವರಿಗೆ ಅವಿಲ್ಲದೆ ಕೆಲಸ ಸಾಗದು.