ಗೋಡೆಯ ಛೇದನಕ್ಷೆ

ಕಟ್ಟಡದ ಗೋಡೆಯನ್ನು ತಳಪಾಯದಿಂದ ಪ್ಯಾರಪೆಟ್‌ವರೆಗೆ ನೆಟ್ಟಗೆ ಸೀಳಿದರೆ ಕಾಣುವ ಪದರಗಳನ್ನೆಲ್ಲ ಅಳತೆ ಸಮೇತ ತೋರಿಸುವ ನಕ್ಷೆ. ಆಫೀಸಿನಲ್ಲೂ ಸೈಟಿನಲ್ಲೂ ಇದನ್ನು ‘ವಾಲ್ ಸೆಕ್ಷನ್’ ಎಂದೇ ಕರೆಯುತ್ತಾರೆ. ಸಾಮಾನ್ಯವಾಗಿ 1:20 ಪ್ರಮಾಣದಲ್ಲಿ, ಸಂದುಗಳ ವಿವರ ಬೇಕಾದಾಗ 1:10 ಅಥವಾ 1:5ರಲ್ಲಿ ಬರೆಯುತ್ತಾರೆ. ಕೋಣೆಗಳು ಎಲ್ಲಿವೆ ಎಂಬುದು ಪ್ಲಾನ್ ನೋಡಿದರೆ ತಿಳಿಯುತ್ತದೆ, ಹೊರನೋಟ ಎಲಿವೇಷನ್‌ನಲ್ಲಿರುತ್ತದೆ. ನೆಲದ ತೇವ ಎಲ್ಲಿಯವರೆಗೆ ಏರೀತು, ಮಳೆನೀರು ಎಲ್ಲಿ ತೊಟ್ಟಿಕ್ಕೀತು, ಬಿಸಿಲಿನ ಕಾವು ಎಷ್ಟು ಒಳಬಂದೀತು ಎಂದು ತಿಳಿಯಬೇಕಾದರೆ ಛೇದನಕ್ಷೆಯನ್ನೇ ನೋಡಬೇಕು.

ರೋಮಿನ ವಿಟ್ರೂವಿಯಸ್ ಕ್ರಿ.ಪೂ. 1ನೇ ಶತಮಾನದಲ್ಲಿ ವಾಸ್ತುಶಿಲ್ಪಿಗೆ ಬೇಕಾದ ಚಿತ್ರಗಳನ್ನು ಹೆಸರಿಸುವಾಗ ಪ್ಲಾನ್, ಎಲಿವೇಷನ್ ಮತ್ತು ದೃಶ್ಯಚಿತ್ರವನ್ನು ಹೇಳಿದ್ದಾನೆ, ಛೇದದ ಮಾತಿಲ್ಲ. 13ನೇ ಶತಮಾನದ ಫ್ರಾನ್ಸಿನ ವಿಲಾರ್ ದ ಒನಕೂರ್‌ನ ಚಿತ್ರಪುಸ್ತಕದಲ್ಲಿ, ರೀಮ್ಸ್ ಕೆಥಡ್ರಲಿನ ಗೋಡೆಗೆ ಹೊರಗಿನಿಂದ ಆಸರೆ ಕೊಡುವ ಕಮಾನುಗಳನ್ನು ಸೀಳಿ ತೋರಿಸಿದ ಚಿತ್ರ ಸಿಗುತ್ತದೆ. ಈ ಬಗೆಯ ಚಿತ್ರಕ್ಕೆ ಖಚಿತವಾದ ಸ್ಥಾನ ಕೊಟ್ಟವನು ಚಿತ್ರಕಾರ ರಫೇಲ್. 1519ರ ಸುಮಾರಿಗೆ ಪೋಪ್ 10ನೇ ಲಿಯೋಗೆ ಬರೆದ ಪತ್ರದಲ್ಲಿ ಅವನು ಪ್ಲಾನ್, ಹೊರಗೋಡೆ, ಸೀಳಿದರೆ ಕಾಣುವ ಒಳಗೋಡೆ ಎಂಬ ಮೂರು ಚಿತ್ರಗಳನ್ನು ಕೇಳುತ್ತಾನೆ. ದೂರ ಹೋದಂತೆ ಗೆರೆ ಕುಗ್ಗುವ ದೃಶ್ಯಚಿತ್ರದಿಂದ ಸರಿಯಾದ ಅಳತೆ ತೆಗೆಯಲಾಗದು, ಆದ್ದರಿಂದ ಅದು ಚಿತ್ರಕಾರರಿಗೆ ಸೇರಿದ್ದು ಎಂಬುದು ಅವನ ವಾದ. ಇಂದಿಗೂ ಛೇದನಕ್ಷೆ ನಿಂತಿರುವುದು ಈ ವಾದದ ಮೇಲೆಯೇ. 18ನೇ ಶತಮಾನದ ಕೊನೆಗೆ ಗ್ಯಾಸ್ಪಾರ್ ಮೋಂಜ್ ರೂಪಿಸಿದ ವಿವರಣಾತ್ಮಕ ರೇಖಾಗಣಿತ ಇದಕ್ಕೆ ಗಣಿತದ ಬುನಾದಿ ಹಾಕಿತು.

ಗೋಡೆಯೆಂದರೆ ಕಲ್ಲು, ಇಟ್ಟಿಗೆ, ಗಾರೆ ಇಷ್ಟೇ ಆಗಿದ್ದ ಕಾಲದಲ್ಲಿ ಛೇದನಕ್ಷೆ ಹೇಳಬೇಕಾದದ್ದು ಬಹಳವಿರಲಿಲ್ಲ. ದಪ್ಪ ಗೊತ್ತಾದರೆ ಮಿಕ್ಕದ್ದು ಮೇಸ್ತ್ರಿಯ ಕೈಯಲ್ಲಿತ್ತು. ಈ ಸ್ಥಿತಿ ಬದಲಾದದ್ದನ್ನು ಷಿಕಾಗೋದ ಮೊನಾಡ್ನಾಕ್ ಕಟ್ಟಡದಲ್ಲಿ ಕಣ್ಣಾರೆ ನೋಡಬಹುದು. ಬರ್ನ್‌ಹ್ಯಾಮ್ ಮತ್ತು ರೂಟ್ ಅವರ ವಿನ್ಯಾಸದಂತೆ 1891ರಲ್ಲಿ ಮುಗಿದ ಉತ್ತರಾರ್ಧದಲ್ಲಿ 16 ಮಹಡಿಗಳ ಭಾರವನ್ನು ಹೊರಗೋಡೆಯ ಇಟ್ಟಿಗೆಯೇ ಹೊತ್ತಿದೆ. ಬುಡದಲ್ಲಿ ಗೋಡೆ ಸುಮಾರು 6 ಅಡಿ ದಪ್ಪ. ಎರಡು ವರ್ಷದ ನಂತರ ಹೊಲಬರ್ಡ್ ಮತ್ತು ರೋಶ್ ಕಟ್ಟಿದ ದಕ್ಷಿಣಾರ್ಧದಲ್ಲಿ ಭಾರವನ್ನು ಉಕ್ಕಿನ ಚೌಕಟ್ಟಿಗೆ ವಹಿಸಲಾಯಿತು. ಒಂದೇ ಕಟ್ಟಡದ ಎರಡು ಭಾಗಗಳ ಛೇದವನ್ನು ಅಕ್ಕಪಕ್ಕ ಇಟ್ಟರೆ, ಗೋಡೆ ಭಾರ ಹೊರುವ ಕೆಲಸದಿಂದ ಬಿಡುಗಡೆ ಪಡೆದದ್ದು ಸ್ಪಷ್ಟವಾಗುತ್ತದೆ. ತೆಳುವಾದ ಗೋಡೆಯಲ್ಲಿ ನೀರು ತಡೆಯಲು ಒಂದು ಪದರ, ಶಾಖ ತಡೆಯಲು ಇನ್ನೊಂದು, ಅಂದಕ್ಕೆ ಮತ್ತೊಂದು ಬೇಕಾದವು. ಪದರ ಹೆಚ್ಚಿದಂತೆ ಸಂದು ಹೆಚ್ಚಿತು. ಕಟ್ಟಡ ಸೋರುವುದು ಸಾಮಾನ್ಯವಾಗಿ ಸಂದುಗಳಲ್ಲೇ. ವಿವರವಾದ ಛೇದನಕ್ಷೆ ಅನಿವಾರ್ಯವಾದದ್ದು ಇಲ್ಲಿಂದ. 1932ರಲ್ಲಿ ಅಮೆರಿಕದಲ್ಲಿ ರಾಮ್ಸೇ ಮತ್ತು ಸ್ಲೀಪರ್ ಹೊರತಂದ ‘ಆರ್ಕಿಟೆಕ್ಚರಲ್ ಗ್ರಾಫಿಕ್ ಸ್ಟ್ಯಾಂಡರ್ಡ್ಸ್’ ಇಂಥ ವಿವರಗಳ ಕೈಪಿಡಿಯಾಗಿ ನೆಲೆನಿಂತಿತು.

ಕಂಪ್ಯೂಟರಿಗೆ ಮುಂಚಿನ ಡ್ರಾಯಿಂಗ್ ಬೋರ್ಡಿನಲ್ಲಿ ಗೆರೆಯ ದಪ್ಪಕ್ಕೇ ಅರ್ಥವಿತ್ತು. 0.18, 0.25, 0.35, 0.5, 0.7 ಮಿ.ಮೀ. ಎಂದು ಪೆನ್ನುಗಳ ಸರಣಿಯೇ ಇರುತ್ತಿತ್ತು. ಸೀಳಿದ ಅಂಚಿಗೆ ದಪ್ಪ ಗೆರೆ, ಅದರ ಹಿಂದೆ ಕಾಣುವುದಕ್ಕೆ ತೆಳು ಗೆರೆ, ಇಟ್ಟಿಗೆ ತುಂಬಲು 45 ಡಿಗ್ರಿಯ ಓರೆಗೆರೆ, ಕಾಂಕ್ರೀಟಿಗೆ ಚುಕ್ಕಿ ಮತ್ತು ಸಣ್ಣ ತ್ರಿಕೋನ. ಈ ಶಿಸ್ತು ತಂತ್ರಾಂಶಕ್ಕೂ ಬಂತು. 1982ರಲ್ಲಿ ಆಟೋಡೆಸ್ಕ್ ಸಂಸ್ಥೆ ಬಿಡುಗಡೆ ಮಾಡಿದ ಆಟೋಕ್ಯಾಡ್‌ನಲ್ಲಿ ಪರದೆಯ ಬಣ್ಣವೇ ಪೆನ್ನಿನ ಗುರುತು: ಕೆಂಪು ಗೆರೆಗೆ ಪ್ಲಾಟರ್ ಒಂದು ಪೆನ್ನು ಎತ್ತಿಕೊಂಡರೆ ಹಸಿರಿಗೆ ಇನ್ನೊಂದು. ಪೆನ್ ಪ್ಲಾಟರ್‌ಗಳು ಮಾಯವಾದ ಮೇಲೂ ಎಷ್ಟೋ ಆಫೀಸುಗಳು ಬಣ್ಣದ ಲೆಕ್ಕದಲ್ಲೇ ಗೆರೆಯ ದಪ್ಪ ನಿರ್ಧರಿಸುತ್ತವೆ. ಆದರೆ ಆಟೋಕ್ಯಾಡ್‌ನಲ್ಲಿ ಗೋಡೆಯೆಂದರೆ ಬರೀ ಗೆರೆಗಳು. ಪ್ಲಾನಿನಲ್ಲಿ ಕಿಟಕಿ ಸರಿಸಿದರೆ ಛೇದನಕ್ಷೆಯಲ್ಲೂ ಕೈಯಾರೆ ಸರಿಸಬೇಕು. ಮರೆತರೆ ಎರಡು ನಕ್ಷೆಗಳು ಎರಡು ಕಟ್ಟಡಗಳ ಕಥೆ ಹೇಳುತ್ತವೆ.

ಈ ತೊಡಕಿಗೆ ಪರಿಹಾರವನ್ನು ಅಮೆರಿಕದ ವಾಸ್ತುಶಿಲ್ಪ ಪ್ರಾಧ್ಯಾಪಕ ಚಕ್ ಈಸ್ಟ್‌ಮನ್ 1975ರಲ್ಲೇ ಸೂಚಿಸಿದ್ದರು. ಕಟ್ಟಡದ ಒಂದೇ ಮಾದರಿ ಕಂಪ್ಯೂಟರಿನಲ್ಲಿರಲಿ, ಪ್ಲಾನ್, ಎಲಿವೇಷನ್, ಛೇದ ಎಲ್ಲವೂ ಅದರಿಂದಲೇ ಹೊರಡಲಿ, ಬದಲಾವಣೆ ಒಂದು ಕಡೆ ಮಾಡಿದರೆ ಸಾಕು ಎಂಬುದು ಅವರ ಕಲ್ಪನೆ. ಹಂಗೆರಿಯ ಗ್ರಾಫಿಸಾಫ್ಟ್‌ನ ಆರ್ಕಿಕ್ಯಾಡ್ 1980ರ ದಶಕದಲ್ಲಿ ಇದನ್ನು ವಾಸ್ತುಶಿಲ್ಪಿಗಳ ಮೇಜಿಗೆ ತಂದಿತು. 2000ದಲ್ಲಿ ಬಂದ ಇದೇ ಬಗೆಯ ರೆವಿಟ್ ತಂತ್ರಾಂಶವನ್ನು 2002ರಲ್ಲಿ ಆಟೋಡೆಸ್ಕ್ ಕೊಂಡುಕೊಂಡಿತು. ರೆವಿಟ್‌ನಲ್ಲಿ ಗೋಡೆ ಹುಟ್ಟುವುದೇ ಪದರಗಳ ಪಟ್ಟಿಯಾಗಿ. ಭಾರ ಹೊರುವ ಪದರಕ್ಕೆ 1, ಮೆರುಗಿನ ಪದರಕ್ಕೆ 4 ಅಥವಾ 5 ಎಂದು ಆದ್ಯತೆ ಇರುತ್ತದೆ. ಎರಡು ಗೋಡೆ ಸೇರುವಲ್ಲಿ ಇಟ್ಟಿಗೆ ಪ್ಲಾಸ್ಟರನ್ನು ದಾಟಿ ಇಟ್ಟಿಗೆಯನ್ನೇ ಸೇರುತ್ತದೆ, ಪ್ಲಾಸ್ಟರ್ ಮೂಲೆಯಲ್ಲಿ ತಿರುಗುತ್ತದೆ. ಗಾರೆ ಕೆಲಸದವರು ಸೈಟಿನಲ್ಲಿ ಮಾಡುವುದೂ ಹೀಗೆಯೇ.

ಇಷ್ಟಾದರೂ ಮಾದರಿ ತಾನಾಗಿ ಸೀಳಿಕೊಟ್ಟದ್ದು ಪೂರ್ತಿ ನಕ್ಷೆಯಲ್ಲ. ಕಿಟಕಿಯ ಮೇಲಿನ ಸಜ್ಜಾವನ್ನೇ ನೋಡಿ. ಮಾದರಿಯಲ್ಲಿ ಅದು ಸಾದಾ ಕಾಂಕ್ರೀಟ್ ಹಲಗೆ. ಮಳೆನೀರು ಅಂಚಿನಿಂದ ತಳಭಾಗಕ್ಕೆ ಹರಿದು, ಅಂಟಿಕೊಂಡೇ ಹಿಂದಕ್ಕೆ ಸಾಗಿ ಗೋಡೆಗಿಳಿಯುತ್ತದೆ. ಅಂಚಿನ ಕೆಳಗೆ ಬೆರಳಗಲದ ಗಾಡಿ (ಉದ್ದನೆಯ ತೋಡು) ಕೊಟ್ಟರೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಆ ಗಾಡಿ, ಸಜ್ಜಾದ ಮೇಲಿನ ಇಳಿಜಾರು, ನೆಲದ ತೇವ ಏರದಂತೆ ಪ್ಲಿಂತ್ ಮಟ್ಟದಲ್ಲಿ ಹಾಕುವ 40 ಮಿ.ಮೀ. ಡಿಪಿಸಿ, ಬೀಮೂ ಬ್ಲಾಕ್ ಗೋಡೆಯೂ ಕೂಡುವಲ್ಲಿ ಬಿರುಕು ಬಿಡದಂತೆ ಹೊಡೆಯುವ ಚಿಕನ್ ಮೆಶ್ ಇವನ್ನೆಲ್ಲ ಛೇದದ ಮೇಲೆ ಗೆರೆಗಳಾಗಿ ಸೇರಿಸುವುದೇ ರೂಢಿ. ಅಮೆರಿಕದ ಚೀಫ್ ಆರ್ಕಿಟೆಕ್ಟ್ ತಂತ್ರಾಂಶ ಛೇದದಿಂದ ಬೇರೆ ಗೆರೆಚಿತ್ರವನ್ನೇ ತೆಗೆದುಕೊಡುತ್ತದೆ. ಅದನ್ನು ಇಷ್ಟಬಂದಂತೆ ತಿದ್ದಬಹುದು, ಆದರೆ ಮೂಲ ಮಾದರಿ ಬದಲಾದರೆ ಗೆರೆಚಿತ್ರ ಬದಲಾಗುವುದಿಲ್ಲ. ಯಾವುದನ್ನು ಮಾದರಿಯಲ್ಲಿ ಇಡಬೇಕು, ಯಾವುದನ್ನು ಗೆರೆಯಾಗಿ ಬರೆಯಬೇಕು ಎಂದು ತೀರ್ಮಾನಿಸಲು ಕಟ್ಟುವುದನ್ನು ಹತ್ತಿರದಿಂದ ನೋಡಿದ ಅನುಭವ ಬೇಕು. ಡ್ರಾಯಿಂಗ್ ಕಲಿಯುವವರನ್ನು ಮೊದಲು ಸೈಟಿಗೆ ಕಳಿಸಬೇಕಾದದ್ದು ಈ ಕಾರಣಕ್ಕೆ.

ತಂತ್ರಾಂಶದ ಜೊತೆ ಬರುವ ಗೋಡೆಗಳೂ ಹುಟ್ಟಿದ ದೇಶದವೇ. ಅಮೆರಿಕದ ಪಟ್ಟಿಯಲ್ಲಿ ಮರದ ಚೌಕಟ್ಟು, ಜಿಪ್ಸಂ ಹಲಗೆ, ನಡುವೆ ಶಾಖನಿರೋಧಕ ಇರುತ್ತವೆ. ಚಳಿದೇಶದಲ್ಲಿ ಆವಿ ತಡೆಯುವ ಹಾಳೆ ಬೆಚ್ಚಗಿನ ಒಳಬದಿಗೆ ಬರುತ್ತದೆ. ಏಸಿ ಹಾಕಿದ ಸೆಕೆನಾಡಿನ ಕಟ್ಟಡದಲ್ಲಿ ಅದೇ ಜಾಗದಲ್ಲಿಟ್ಟರೆ ತೇವ ಗೋಡೆಯೊಳಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ಕರ್ನಾಟಕದ ಆಫೀಸುಗಳು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಸಾಲಿಡ್ ಬ್ಲಾಕ್, ಕರಾವಳಿಯ ಕೆಂಪುಕಲ್ಲು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಬೆಳೆಸಿದ ಒತ್ತುಮಣ್ಣಿನ ಬ್ಲಾಕ್ ಇವಕ್ಕೆಲ್ಲ ತಮ್ಮದೇ ಗೋಡೆ ಮಾದರಿ ತಯಾರಿಸಿಕೊಳ್ಳಬೇಕು. ನಕ್ಷೆಯ ಗುರುತುಗಳಿಗೆ ಭಾರತೀಯ ಮಾನಕ ಐಎಸ್ 962 ಇದೆ.

ಕೇಂದ್ರ ಸರ್ಕಾರ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ ಇಕೋ ನಿವಾಸ್ ಸಂಹಿತೆ ಛೇದನಕ್ಷೆಗೆ ಹೊಸ ಕೆಲಸ ಹಚ್ಚಿದೆ. ಗೋಡೆ, ಚಾವಣಿ, ಕಿಟಕಿಗಳ ಮೂಲಕ ಒಳಬರುವ ಶಾಖಕ್ಕೆ ಅದು ಮಿತಿ ಹಾಕುತ್ತದೆ. ಎರಡೂ ಕಡೆ ಪ್ಲಾಸ್ಟರ್ ಮಾಡಿದ 230 ಮಿ.ಮೀ. ಇಟ್ಟಿಗೆ ಗೋಡೆಯಲ್ಲಿ ಒಳಹೊರಗಿನ ಉಷ್ಣತೆಗೆ 1 ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ ಸುಮಾರು 2 ವ್ಯಾಟ್ ಶಾಖ ದಾಟುತ್ತದೆ, 200 ಮಿ.ಮೀ. ಎಎಸಿ (ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್) ಬ್ಲಾಕ್ ಗೋಡೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಪದರಗಳ ದಪ್ಪದ ಜೊತೆ ಪ್ರತಿ ಪದರದ ಉಷ್ಣವಾಹಕತೆಯನ್ನೂ ತುಂಬಿದ್ದರೆ ರೆವಿಟ್‌ನಂಥ ತಂತ್ರಾಂಶ ಈ ಲೆಕ್ಕವನ್ನು ತಾನೇ ಹಾಕಿಕೊಡುತ್ತದೆ.